ಜನಸಂದಣಿಯಲ್ಲಿ ವಿಪತ್ತು: ಗಾಯಾಳುಗಳ ರಕ್ಷಣೆಗೆ ದಂಪತಿಗಳ ಮುನ್ಸಿದ್ಧತೆ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಗೆ ಮಿತಿ ಹಾಕಿಕೊಳ್ಳುವುದು ಮಾತ್ರವೆಂದು ಹಲವರು ತಿಳಿದಿದ್ದಾರೆ. ಮುಂದೆ ಬರಬಹುದಾದ ಕಷ್ಟವನ್ನು ಇಂದೇ ಊಹಿಸಿ, ಗಂಡಹೆಂಡತಿ ಕೂಡಿ ವಿಚಾರ ಮಾಡಿ, ಒಂದು ನಿರ್ಧಾರಕ್ಕೆ ಬರುವುದೇ ಅದರ ತಿರುಳು. ಹೆರಿಗೆಗೆ ಯಾವ ಆಸ್ಪತ್ರೆಗೆ ಹೋಗಬೇಕು, ಮಗುವಿಗೆ ಯಾವಾಗ ಲಸಿಕೆ ಹಾಕಿಸಬೇಕು ಎಂಬುದನ್ನು ನೀವು ಮೊದಲೇ ಗೊತ್ತುಮಾಡಿಕೊಳ್ಳುತ್ತೀರಿ. ಅದೇ ರೀತಿಯಲ್ಲಿ, ನೂರಾರು ಜನ ಸೇರಿದ ಸ್ಥಳದಲ್ಲಿ ಬಾಂಬು ಸಿಡಿದರೆ, ನೂಕುನುಗ್ಗಲು ಉಂಟಾದರೆ, ಇಲ್ಲವೆ ಉಣ್ಣುವ ಅನ್ನದಲ್ಲಿ ವಿಷ ಬೆರೆತರೆ ಏನು ಮಾಡಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಇದು ನಮಗೇಕೆ?

ಬಾಂಬು ಸ್ಫೋಟವು ದೊಡ್ಡ ನಗರಗಳ ಸಂಗತಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಬಾಳುವ ನಮಗೆ ಅದರ ಚಿಂತೆ ಏಕೆ ಎಂದು ನೀವು ಕೇಳಬಹುದು. ಆದರೆ ನಮ್ಮ ಬದುಕು ಊರಿನ ಸೀಮೆಯೊಳಗೇ ನಿಂತಿಲ್ಲ. ನಿಪ್ಪಾಣಿಯು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ನಮ್ಮ ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಹೋಗುತ್ತಾರೆ. ಪುಣೆಯ ಜರ್ಮನ್ ಬೇಕರಿ ಎಂಬ ಉಪಾಹಾರಗೃಹದಲ್ಲಿ 2010ರ ಫೆಬ್ರವರಿ 13ರಂದು ಬಾಂಬು ಸಿಡಿದು 17 ಜನ ಮಡಿದರು. ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ 2024ರ ಮಾರ್ಚ್ 1ರ ಮಧ್ಯಾಹ್ನ, ಯಾರೋ ಬಿಟ್ಟುಹೋದ ಚೀಲದಲ್ಲಿದ್ದ ಬಾಂಬು ಸಿಡಿದು ಊಟಕ್ಕೆ ಬಂದವರು ಗಾಯಗೊಂಡರು.

ಇನ್ನು ನಮ್ಮ ಸೀಮೆಯಲ್ಲಿಯೇ ಜನ ಸೇರುವ ಸ್ಥಳಗಳಿಗೇನು ಕೊರತೆ? ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಭಕ್ತರು ಬರುತ್ತಾರೆ. ಕೊಕಟನೂರಿನ ಯಲ್ಲಮ್ಮನ ಜಾತ್ರೆ, ವಾರದ ಸಂತೆಗಳು, ಬಸ್ ನಿಲ್ದಾಣಗಳು, ಸಕ್ಕರೆ ಕಾರ್ಖಾನೆಗಳ ಅಂಗಳ, ಇವೆಲ್ಲ ಜನದಟ್ಟಣೆಯ ಸ್ಥಳಗಳೇ. ದುಷ್ಟರ ಕೃತ್ಯವೇ ಆಗಬೇಕೆಂದಿಲ್ಲ, ಗಾಬರಿಯೊಂದೇ ಸಾಕು. ಸಾತಾರಾ ಜಿಲ್ಲೆಯ ವಾಯಿ ಬಳಿಯ ಮಾಂಢರದೇವಿಯ ಜಾತ್ರೆಯಲ್ಲಿ 2005ರ ಜನವರಿ 25ರಂದು ನೂಕುನುಗ್ಗಲು ಉಂಟಾಗಿ ಸುಮಾರು 300 ಜನ ಸತ್ತರು. ಕಾರಣ ಯಾವುದೇ ಇರಲಿ, ಒಮ್ಮೆಲೇ ನೂರಾರು ಜನ ಗಾಯಗೊಂಡಾಗ ಅನುಸರಿಸಬೇಕಾದ ಕ್ರಮ ಬಹುಮಟ್ಟಿಗೆ ಒಂದೇ.

ಮೊದಲ ಗಳಿಗೆ ಯಾರ ಕೈಯಲ್ಲಿ?

ದೊಡ್ಡ ವಿಪತ್ತುಗಳನ್ನು ಎದುರಿಸಲು ಸರಕಾರದ ವ್ಯವಸ್ಥೆ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಮೇರೆಗೆ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವಿದೆ. ಏಕಕಾಲಕ್ಕೆ ಅನೇಕ ಗಾಯಾಳುಗಳು ಬಂದಾಗ ಆಸ್ಪತ್ರೆಗಳು ಹೇಗೆ ನಡೆದುಕೊಳ್ಳಬೇಕೆಂಬ ಬಗ್ಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2007ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ. ಕರ್ನಾಟಕದಲ್ಲಿ 2008ರ ನವೆಂಬರದಿಂದ 108 ಆಂಬ್ಯುಲೆನ್ಸ್ ಸೇವೆ ನಡೆದುಬಂದಿದೆ.

ಇಷ್ಟಿದ್ದರೂ ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ಆಂಬ್ಯುಲೆನ್ಸ್ ಬರಲು ಸ್ವಲ್ಪವಾದರೂ ಹೊತ್ತು ಹಿಡಿಯುತ್ತದೆ. ದೊಡ್ಡ ರಕ್ತನಾಳ ಹರಿದವನ ಪ್ರಾಣ ಕೆಲವೇ ನಿಮಿಷಗಳಲ್ಲಿ ಹೋಗಬಹುದು. ವಯಸ್ಕನ ಮೈಯಲ್ಲಿ ಇರುವ ರಕ್ತ ಸುಮಾರು 5 ಲೀಟರು. ಅದರಲ್ಲಿ 2 ಲೀಟರು ಹೋದರೆ ಪ್ರಾಣಾಪಾಯ. ಈ ನಿಮಿಷಗಳಲ್ಲಿ ಅವನ ಬಳಿ ಇರುವವರು ವೈದ್ಯರಲ್ಲ, ಪೊಲೀಸರಲ್ಲ, ನೀವು. ಮುಂಬಯಿಯ ಲೋಕಲ್ ರೈಲುಗಳಲ್ಲಿ 2006ರ ಜುಲೈ 11ರ ಸಂಜೆ ಸುಮಾರು 11 ನಿಮಿಷಗಳಲ್ಲಿ 7 ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು, 700ಕ್ಕೂ ಹೆಚ್ಚು ಜನ ಗಾಯಗೊಂಡರು. ಆಗ ಗಾಯಾಳುಗಳನ್ನು ಮೊದಲು ಹೊರತೆಗೆದವರು ಸಹಪ್ರಯಾಣಿಕರು ಹಾಗೂ ಹಳಿಗಳ ಪಕ್ಕದ ಗುಡಿಸಲುಗಳ ಬಡಜನರು. ಮನೆಯಲ್ಲಿದ್ದ ಹಾಸಿಗೆಯ ಚಾದರಗಳನ್ನೇ ತಂದು, ಅವುಗಳ ಮೇಲೆ ಮಲಗಿಸಿ ಎತ್ತಿಕೊಂಡು ಹೋದರು. ನಮ್ಮ ಮನೆಗಳಲ್ಲಿರುವ ಕಂಬಳಿ, ಹೊರಸುಗಳು ಇದೇ ಕೆಲಸಕ್ಕೆ ಬರುತ್ತವೆ.

ಮನೆಯಲ್ಲಿಯೇ ಮಾಡಿಕೊಳ್ಳಬೇಕಾದ ಸಿದ್ಧತೆ

ಜಾತ್ರೆಗೆ, ಸಂತೆಗೆ ಇಲ್ಲವೆ ದೂರದ ಊರಿಗೆ ಹೊರಡುವ ಹಿಂದಿನ ರಾತ್ರಿ ಗಂಡಹೆಂಡತಿ ಕುಳಿತು ಈ ಸಂಗತಿಗಳನ್ನು ಗೊತ್ತುಮಾಡಿಕೊಳ್ಳಿರಿ.

1. ಕೂಡುವ ಸ್ಥಳ: ಗದ್ದಲದಲ್ಲಿ ಅಗಲಿದರೆ ಎಲ್ಲಿ ಸೇರಬೇಕು? ಗಾಡಿ ಬಿಟ್ಟ ಸ್ಥಳವೋ, ಊರ ಶಾಲೆಯೋ, ಒಂದನ್ನು ನಿಶ್ಚಯಿಸಿರಿ. ಅದು ಗುಡಿಯ ಬಾಗಿಲಿಗೆ ಹತ್ತಿರವಿರಕೂಡದು.

2. ಮಕ್ಕಳ ಚೀಟಿ: ಮಗುವಿನ ಹೆಸರು, ಊರು, ತಾಲೂಕು, ತಂದೆತಾಯಿಗಳ ಮೊಬೈಲ್ ಸಂಖ್ಯೆ, ತಿಳಿದಿದ್ದರೆ ರಕ್ತದ ಗುಂಪು, ಇಷ್ಟನ್ನು ಬರೆದು ಅಂಗಿಯ ಒಳಗಿಸೆಯಲ್ಲಿ ಇಡಿರಿ. ಮಾತು ಬಾರದ ಮಗುವಿಗೆ ಇದೇ ಗುರುತು.

3. ಕೆಲಸದ ಹಂಚಿಕೆ: ಅವಘಡವಾದರೆ ಇಬ್ಬರೂ ಅತ್ತ ಓಡಬಾರದು. ಒಬ್ಬರು ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಹೊರಗೆ ಹೋಗಬೇಕು. ಶಕ್ತಿಯೂ ಧೈರ್ಯವೂ ಇರುವ ಇನ್ನೊಬ್ಬರು ನೆರವಿಗೆ ನಿಲ್ಲಬಹುದು. ಯಾರು ಯಾವ ಕೆಲಸಕ್ಕೆ ಎಂಬುದು ಮೊದಲೇ ಗೊತ್ತಿರಲಿ.

4. ಸುದ್ದಿ: ಇಂತಹ ಹೊತ್ತಿನಲ್ಲಿ ಎಲ್ಲರೂ ಏಕಕಾಲಕ್ಕೆ ಫೋನು ಮಾಡುವುದರಿಂದ ಕರೆ ಸಿಗದೆ ಹೋಗಬಹುದು. ಬೇರೆ ಊರಿನ ನೆಂಟರೊಬ್ಬರನ್ನು ಗೊತ್ತುಮಾಡಿ, ಇಬ್ಬರೂ ಅವರಿಗೇ ಒಂದು ಸಂದೇಶ ಕಳುಹಿಸಿರಿ.

5. ದಾರಿ: ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. ಕಲ್ಲೋಳ–ಯಡೂರ ಸೇತುವೆಯಂತಹ ದಾರಿಗಳು ತೆರೆದಿವೆಯೋ ಇಲ್ಲವೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿರಿ.

ದುರ್ಘಟನೆಯ ಸ್ಥಳದಲ್ಲಿ

ಮೊದಲನೆಯದಾಗಿ, ನಿಮ್ಮ ಪ್ರಾಣವನ್ನು ಉಳಿಸಿಕೊಳ್ಳಿರಿ. ಒಂದು ಬಾಂಬು ಸಿಡಿದ ಬಳಿಕ, ನೆರವಿಗೆ ಓಡಿಬರುವವರನ್ನು ಕೊಲ್ಲಲೆಂದೇ ಇನ್ನೊಂದನ್ನು ಇಟ್ಟಿರುವುದುಂಟು. ಅಹಮದಾಬಾದಿನಲ್ಲಿ 2008ರ ಜುಲೈ 26ರಂದು ಊರಿನ ಹಲವೆಡೆ ಬಾಂಬುಗಳು ಸಿಡಿದವು. ಗಾಯಾಳುಗಳನ್ನು ಹೊತ್ತು ತರುತ್ತಿದ್ದ ಹೊತ್ತಿಗೆ ಸಿವಿಲ್ ಆಸ್ಪತ್ರೆಯ ಆವರಣದಲ್ಲಿಯೇ ಮತ್ತೆ ಸ್ಫೋಟವಾಯಿತು. ಅಲ್ಲಿ ಮಡಿದವರಲ್ಲಿ ಒಬ್ಬ ತರುಣ ವೈದ್ಯರೂ ಅವರ ಗರ್ಭಿಣಿ ಪತ್ನಿಯೂ ಇದ್ದರು. ಆದುದರಿಂದ ವಾರಸುದಾರರಿಲ್ಲದ ಚೀಲ, ಡಬ್ಬಿ, ಕುಕ್ಕರು, ಸೈಕಲ್ಲುಗಳನ್ನು ಮುಟ್ಟಕೂಡದು; ದೂರ ಸರಿದು ಪೊಲೀಸರಿಗೆ ತಿಳಿಸಬೇಕು. ನೋಡುವ ಕುತೂಹಲದಿಂದ ಗುಂಪುಗೂಡುವುದು, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಲ್ಲುವುದು ಅಪಾಯಕರ.

ಎರಡನೆಯದಾಗಿ, 108ಕ್ಕಾಗಲಿ 112ಕ್ಕಾಗಲಿ ಕರೆ ಮಾಡಿರಿ. ನಮ್ಮದು ಗಡಿನಾಡು. ನಿಮ್ಮ ಕರೆ ಆಚೆಯ ರಾಜ್ಯದ ಕೇಂದ್ರಕ್ಕೆ ಹೋದರೂ ಗೊಂದಲವಾಗದಂತೆ ಮೊದಲ ಮಾತಿನಲ್ಲಿಯೇ ರಾಜ್ಯ, ಜಿಲ್ಲೆ, ತಾಲೂಕು, ಊರು, ಇವನ್ನು ಹೇಳಿರಿ. ಬಳಿಕ ಏನಾಯಿತು, ಸುಮಾರು ಎಷ್ಟು ಜನ ಗಾಯಗೊಂಡಿದ್ದಾರೆ, ಆಂಬ್ಯುಲೆನ್ಸ್ ಯಾವ ದಾರಿಯಿಂದ ಬರಬಹುದು ಎಂಬುದನ್ನು ತಿಳಿಸಿರಿ. ಒಬ್ಬರು ದಾರಿಯ ಬಾಯಿಯಲ್ಲಿ ನಿಂತು ಬಂಡಿ, ಟ್ರ್ಯಾಕ್ಟರುಗಳನ್ನು ಪಕ್ಕಕ್ಕೆ ಸರಿಸಲಿ.

ಮೂರನೆಯದಾಗಿ, ರಕ್ತವನ್ನು ನಿಲ್ಲಿಸಿರಿ. ಶುಭ್ರವಾದ ಬಟ್ಟೆಯನ್ನು ಮಡಿಚಿ ಗಾಯದ ಮೇಲಿಟ್ಟು ಎರಡೂ ಕೈಗಳಿಂದ ಬಲವಾಗಿ ಒತ್ತಿ ಹಿಡಿಯಿರಿ. ಧೋತರ, ರುಮಾಲು, ಸೀರೆಯ ತುಂಡು ಯಾವುದೂ ಆಗುತ್ತದೆ. ಬಟ್ಟೆ ತೊಯ್ದರೆ ಅದನ್ನು ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಒತ್ತಿರಿ. ಪದೇ ಪದೇ ಎತ್ತಿ ನೋಡಿದರೆ ಹೆಪ್ಪುಗಟ್ಟುತ್ತಿರುವ ರಕ್ತ ಮತ್ತೆ ಹರಿಯತೊಡಗುತ್ತದೆ. ಕೈಕಾಲುಗಳ ಗಾಯದಿಂದ ರಕ್ತ ಚಿಮ್ಮುತ್ತಿದ್ದು, ಒತ್ತಿದರೂ ನಿಲ್ಲದಿದ್ದರೆ ಮಾತ್ರ, ಗಾಯದಿಂದ ನಾಲ್ಕು ಬೆರಳು ಮೇಲಕ್ಕೆ ಅಗಲವಾದ ಬಟ್ಟೆಯ ಪಟ್ಟಿಯನ್ನು ಕಟ್ಟಿ, ಗಂಟಿನಲ್ಲಿ ಕೋಲು ತೂರಿಸಿ, ರಕ್ತ ನಿಲ್ಲುವವರೆಗೆ ತಿರುವಿ ಬಿಗಿಯಿರಿ. ಮೊಣಕಾಲು, ಮೊಣಕೈ ಕೀಲುಗಳ ಮೇಲೆ ಕಟ್ಟಬಾರದು. ತಂತಿ, ತೆಳುವಾದ ಹಗ್ಗಗಳನ್ನು ಬಳಸಬಾರದು. ಕಟ್ಟಿದ ವೇಳೆಯನ್ನು ಗಾಯಾಳುವಿನ ಕೈಮೇಲೆ ಬರೆಯಿರಿ. ವೈದ್ಯರು ನೋಡುವವರೆಗೆ ಸಡಿಲಿಸಬೇಡಿರಿ.

ಮಾಡಕೂಡದ ಕೆಲವು ಕೆಲಸಗಳಿವೆ. ಮೈಯಲ್ಲಿ ನಾಟಿದ ಕಬ್ಬಿಣದ ಚೂರು, ಗಾಜುಗಳನ್ನು ಕೀಳಬಾರದು. ಹೊರಬಂದ ಕರುಳನ್ನು ಒಳಕ್ಕೆ ತಳ್ಳಬಾರದು. ಒದ್ದೆ ಮಾಡಿದ ಶುಭ್ರ ಬಟ್ಟೆಯಿಂದ ಮುಚ್ಚಬೇಕು. ಗಾಯಕ್ಕೆ ಅರಿಶಿನ, ಕಾಫಿಪುಡಿ, ಬೂದಿ ತುಂಬಬಾರದು. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸಬೇಕೇ ಹೊರತು ಹಲ್ಲುಜ್ಜುವ ಪೇಸ್ಟು, ಎಣ್ಣೆ ಹಚ್ಚಬಾರದು. ಭಾರಿ ಗಾಯವಾದವರಿಗೆ ನೀರು, ಚಹಾ ಕುಡಿಸಬಾರದು. ಎಚ್ಚರ ತಪ್ಪಿ ಉಸಿರಾಡುತ್ತಿರುವವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ನಾಲಗೆ, ವಾಂತಿಗಳು ಉಸಿರಿಗೆ ಅಡ್ಡಬರುವುದಿಲ್ಲ.

ಯಾರನ್ನು ಮೊದಲು ಸಾಗಿಸಬೇಕು?

ಈ ಪಾಠದ ಮುಖ್ಯ ಭಾಗ ಇದೇ. ಎಲ್ಲಕ್ಕಿಂತ ಕಠಿಣವಾದದ್ದೂ ಇದೇ.

ಹೀಗೆ ಎಣಿಸಿರಿ. ನಿಮ್ಮ ಮಗು ಮೊಣಕಾಲು ತರಚಿಕೊಂಡು ಗಟ್ಟಿಯಾಗಿ ಅಳುತ್ತಿದೆ. ಹತ್ತು ಹೆಜ್ಜೆ ಆಚೆಗೆ ಪರಊರಿನವನೊಬ್ಬ ತೊಡೆಗೆ ಗಾಯವಾಗಿ, ಮುಖ ಬಿಳುಚಿಕೊಂಡು, ಸದ್ದಿಲ್ಲದೆ ಮಲಗಿದ್ದಾನೆ. ಇರುವುದು ಒಂದೇ ಟಂಟಂ. ಅದರಲ್ಲಿ ಯಾರು ಹೋಗಬೇಕು? ತಾಯಿಯ ಕರುಳು ಒಂದು ಉತ್ತರ ಕೊಡುತ್ತದೆ. ವೈದ್ಯಶಾಸ್ತ್ರದ ಉತ್ತರ ಬೇರೆ. ಗಟ್ಟಿಯಾಗಿ ಅಳುವ ಮಗು ಉಸಿರಾಡುತ್ತಿದೆ. ಅದರ ಮೈಯಲ್ಲಿ ಶಕ್ತಿ ಇದೆ. ಅದು ಒಂದು ತಾಸು ಕಾಯಬಲ್ಲುದು. ಸದ್ದಿಲ್ಲದೆ ಮಲಗಿದವನು ಕಾಯಲಾರ.

ಕೂಗಾಡುವವರನ್ನು ಮೊದಲು ಎತ್ತಿ, ಸುಮ್ಮನಿರುವವರನ್ನು ಹಿಂದೆ ಬಿಡುವುದು ಮನುಷ್ಯ ಸಹಜ. ಇದರಿಂದ ಸಣ್ಣಪುಟ್ಟ ಗಾಯದವರೇ ಮೊದಲು ಆಸ್ಪತ್ರೆ ತಲುಪುತ್ತಾರೆ. ಇರುವ ಮಂಚ, ವೈದ್ಯರು, ದಾದಿಯರು ಅವರ ಸೇವೆಯಲ್ಲಿಯೇ ಮುಗಿದುಹೋಗಿ, ನಿಜವಾಗಿ ಸಾಯುವ ಸ್ಥಿತಿಯಲ್ಲಿರುವವನು ತಡವಾಗಿ ಬಂದಾಗ ಜಾಗವೂ ಇರುವುದಿಲ್ಲ, ಕೈಗಳೂ ಇರುವುದಿಲ್ಲ. ಆದುದರಿಂದ ವೈದ್ಯರು ಗಾಯಾಳುಗಳನ್ನು ನಾಲ್ಕು ಬಣ್ಣಗಳಿಂದ ಗುರುತಿಸಿ ವಿಂಗಡಿಸುತ್ತಾರೆ.

ಕೆಂಪು: ರಕ್ತ ಚಿಮ್ಮುತ್ತಿರುವವರು, ಏದುಸಿರು ಬಿಡುತ್ತಿರುವವರು, ಹೇಳಿದ ಮಾತಿನಂತೆ ಕೈ ಎತ್ತಲಾರದವರು, ಮುಂಗೈ ನಾಡಿ ಸಿಗದವರು. ಇವರು ಮೊದಲ ವಾಹನದಲ್ಲಿ ಹೋಗಬೇಕು.

ಹಳದಿ: ಕಾಲು ಮುರಿದು ನಡೆಯಲಾರದೆ ಇದ್ದರೂ ಎಚ್ಚರವಾಗಿದ್ದು, ಉಸಿರಾಟ ಸರಿಯಾಗಿರುವವರು. ಇವರು ಎರಡನೆಯ ಸರದಿ.

ಹಸಿರು: ತಾವೇ ನಡೆಯಬಲ್ಲವರು. ಇವರೆಲ್ಲರನ್ನು ಒಂದು ಮರದ ನೆರಳಿನಲ್ಲಿ ಕುಳ್ಳಿರಿಸಿ ಕಾಯಿಸಬಹುದು.

ಕಪ್ಪು: ಬಾಯಿಯಲ್ಲಿರುವುದನ್ನು ತೆಗೆದು, ಗದ್ದ ಮೇಲೆತ್ತಿ ಶ್ವಾಸದ ದಾರಿ ತೆರೆದರೂ ಉಸಿರಾಡದವರು. ಸತ್ತರೆಂದು ಹೇಳುವುದು ವೈದ್ಯರ ಕೆಲಸ, ನಿಮ್ಮದಲ್ಲ. ಆದರೆ ಬದುಕಿಸಬಹುದಾದವರು ಉಳಿದಿರುವಾಗ ವಾಹನ ಅವರಿಗಾಗಿ ಹೋಗಬೇಕು.

ವೈದ್ಯರು ಇಲ್ಲವೆ ಆರೋಗ್ಯ ಸಿಬ್ಬಂದಿ ಬಂದ ಬಳಿಕ ಅವರ ವಿಂಗಡಣೆಯೇ ಅಂತಿಮ. ‘ನಮ್ಮವರನ್ನು ಮೊದಲು ನೋಡಿರಿ’ ಎಂದು ಅವರ ಕೈಹಿಡಿದು ಎಳೆಯಬೇಡಿರಿ. ನಿಮ್ಮವರು ಕಾಯಬಲ್ಲರೆಂದು ಅವರು ಹೇಳಿದರೆ ಅದು ನಿರ್ಲಕ್ಷ್ಯವಲ್ಲ. ಪ್ರಾಣಕ್ಕೆ ಅಪಾಯವಿಲ್ಲವೆಂಬ ಶುಭವಾರ್ತೆ. ಈ ಮಾತಿಗೆ ಗಂಡಹೆಂಡತಿ ಇಂದೇ ಒಪ್ಪಿಕೊಂಡಿರಬೇಕು. ಆ ಗದ್ದಲದಲ್ಲಿ ಯೋಚಿಸಲು ಮನಸ್ಸು ಸ್ಥಿಮಿತದಲ್ಲಿರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಸ್ಫೋಟದ ಹತ್ತಿರವಿದ್ದವರ ಕಿವಿಯ ತಮಟೆ ಹರಿದಿರಬಹುದು. ಅಂಥವರು ನಿಮ್ಮ ಕರೆಗೆ ಓಗೊಡದಿದ್ದರೆ ಮುಖಕ್ಕೆ ಮುಖ ಕೊಟ್ಟು ಕೈಸನ್ನೆಯಿಂದ ಕೇಳಿರಿ. ಗಾಳಿಯ ಹೊಡೆತದಿಂದ ಶ್ವಾಸಕೋಶಕ್ಕೆ ಪೆಟ್ಟಾಗಿದ್ದರೆ ಹೊರಗೆ ಗಾಯ ಕಾಣದಿದ್ದರೂ ಕೆಲವು ತಾಸುಗಳ ಬಳಿಕ ಉಬ್ಬಸ ಬರಬಹುದು. ಆದುದರಿಂದ ಹತ್ತಿರವಿದ್ದವರೆಲ್ಲರೂ, ನಡೆದಾಡುತ್ತಿದ್ದರೂ, ವೈದ್ಯರಿಗೆ ತೋರಿಸಿಕೊಳ್ಳಬೇಕು.

ಯಾವ ಆಸ್ಪತ್ರೆಗೆ?

ಎಲ್ಲ ಗಾಯಾಳುಗಳನ್ನೂ ಒಂದೇ ಆಸ್ಪತ್ರೆಗೆ ತುಂಬುವುದು ಎರಡನೆಯ ದೊಡ್ಡ ತಪ್ಪು. ಹಸಿರು ಗುಂಪಿನವರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರಗಳೇ ಸಾಕು. ಹಳದಿ ಗುಂಪಿನವರನ್ನು ಚಿಕ್ಕೋಡಿ, ರಾಯಬಾಗ, ಅಥಣಿಗಳ ತಾಲೂಕು ಆಸ್ಪತ್ರೆಗಳಿಗೂ ನಿಪ್ಪಾಣಿಯ ಸರಕಾರಿ ಆಸ್ಪತ್ರೆಗೂ ಹಂಚಬಹುದು. ಕೆಂಪು ಗುಂಪಿನವರಲ್ಲಿ ರಕ್ತ ನಿಲ್ಲದವರು, ಉಸಿರು ಸಿಕ್ಕಿಕೊಂಡವರು ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಸ್ಥಿರಗೊಂಡು, ಬಳಿಕ ಶಸ್ತ್ರಚಿಕಿತ್ಸೆಯ ಸೌಕರ್ಯವುಳ್ಳ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಚಿಕ್ಕೋಡಿಯಿಂದ ಬೆಳಗಾವಿಗೆ 70 ಕಿಲೋಮೀಟರಿಗೂ ಹೆಚ್ಚು. ಅಥಣಿಯಿಂದ 100ಕ್ಕೂ ಹೆಚ್ಚು. ಕಾಗವಾಡದವರಿಗೆ ಮಿರಜದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಸಮೀಪ. ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿಲೋಮೀಟರು. ಅಲ್ಲಿ ಛತ್ರಪತಿ ಪ್ರಮಿಳಾರಾಜೆ ಆಸ್ಪತ್ರೆ ಇದೆ. ರಾಜ್ಯದ ಗಡಿಯು ಪ್ರಾಣರಕ್ಷಣೆಗೆ ಅಡ್ಡಿಯಲ್ಲ. ಎಲ್ಲಿ ಜಾಗವಿದೆ ಎಂಬುದು ಆಂಬ್ಯುಲೆನ್ಸಿನ ಸಿಬ್ಬಂದಿಗೆ ತಿಳಿಯುತ್ತದೆ. ಅವರು ಹೇಳಿದ ಕಡೆಗೆ ಹೋಗಲು ಒಪ್ಪಿರಿ.

ಒಬ್ಬ ಗಾಯಾಳುವಿನೊಡನೆ ಒಬ್ಬರೇ ಹೋಗಿರಿ. ಹತ್ತು ಜನ ನೆಂಟರು ಬಾಗಿಲಲ್ಲಿ ನೆರೆದರೆ ಸ್ಟ್ರೆಚರು ಒಳಗೆ ಹೋಗಲಾರದು. ರಕ್ತ ಕೊಡುವ ಉತ್ಸಾಹದಿಂದ ಎಲ್ಲರೂ ಒಮ್ಮೆಲೇ ನುಗ್ಗುವುದೂ ತರವಲ್ಲ; ರಕ್ತನಿಧಿಯಲ್ಲಿ ಹೆಸರು, ಗುಂಪು ಬರೆಸಿ, ಕರೆದಾಗ ಬನ್ನಿರಿ. 18ರಿಂದ 65 ವರ್ಷದೊಳಗಿನ, 45 ಕಿಲೋ ತೂಕಕ್ಕೆ ಕಡಿಮೆಯಿಲ್ಲದ ಆರೋಗ್ಯವಂತರು ರಕ್ತ ಕೊಡಬಹುದು. ಪುರುಷರು 90 ದಿನಗಳಿಗೊಮ್ಮೆ, ಸ್ತ್ರೀಯರು 120 ದಿನಗಳಿಗೊಮ್ಮೆ ಕೊಟ್ಟರೆ ಯಾವ ಬಾಧೆಯೂ ಇಲ್ಲ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಕೊಡಬಾರದು.

ಗರ್ಭಿಣಿಯರ ವಿಷಯ

ಹೊಟ್ಟೆಗೆ ಪೆಟ್ಟು ಬಿದ್ದ, ಇಲ್ಲವೆ ಸ್ಫೋಟದ ಸಮೀಪವಿದ್ದ ಗರ್ಭಿಣಿಯನ್ನು, ನೋವಿಲ್ಲವೆಂದು ಆಕೆ ಹೇಳಿದರೂ, ಆಸ್ಪತ್ರೆಗೆ ಒಯ್ಯಬೇಕು. ಎಡಮಗ್ಗುಲಿಗೆ ಮಲಗಿಸಿ ಸಾಗಿಸಿರಿ. ರಕ್ತಸ್ರಾವ, ಹೊಟ್ಟೆ ಬಿಗಿಯುವಿಕೆ, ನೀರು ಹೋಗುವಿಕೆ, ಮಗುವಿನ ಚಲನೆ ಕಡಿಮೆಯಾಗುವಿಕೆ, ಇವು ಅಪಾಯದ ಚಿಹ್ನೆಗಳು.

ಮುಂಬಯಿಯಲ್ಲಿ 2008ರ ನವೆಂಬರ 26ರ ರಾತ್ರಿ ಭಯೋತ್ಪಾದಕರು ಸ್ತ್ರೀಯರ ಹಾಗೂ ಮಕ್ಕಳ ಆಸ್ಪತ್ರೆಯಾದ ಕಾಮಾ ಆಸ್ಪತ್ರೆಗೇ ನುಗ್ಗಿದರು. ಆ ಹೊತ್ತಿಗೆ ಕರ್ತವ್ಯದಲ್ಲಿದ್ದ ದಾದಿ ಅಂಜಲಿ ಕುಲ್ಥೆಯವರು ತಮ್ಮ ವಾರ್ಡಿನ 20 ಗರ್ಭಿಣಿಯರನ್ನು ಒಂದು ಸಣ್ಣ ಅಡುಗೆಕೋಣೆಗೆ ಸಾಗಿಸಿ ಉಳಿಸಿದರು. ಅವರಲ್ಲೊಬ್ಬಳಿಗೆ ಹೆರಿಗೆ ನೋವು ಆರಂಭವಾದಾಗ, ಗುಂಡಿನ ಸದ್ದಿನ ನಡುವೆಯೇ ಆಕೆಯನ್ನು ಹೆರಿಗೆ ಕೋಣೆಗೆ ಕರೆದೊಯ್ದರು. ಯಾರನ್ನು ಎಲ್ಲಿಗೆ ಸಾಗಿಸಬೇಕೆಂಬ ನಿರ್ಧಾರವನ್ನು ಗಾಬರಿಗೊಳ್ಳದೆ ತೆಗೆದುಕೊಂಡುದರಿಂದಲೇ ಇದು ಸಾಧ್ಯವಾಯಿತು.

ಆಹಾರದಲ್ಲಿ ವಿಷ ಬೆರೆತರೆ

ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ 14ರಂದು ಮಾರಮ್ಮನ ಗುಡಿಯ ಪ್ರಸಾದ ತಿಂದ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 17 ಜನ ಸತ್ತರು. ಪ್ರಸಾದದಲ್ಲಿ ಕೀಟನಾಶಕವನ್ನು ಬೆರೆಸಲಾಗಿತ್ತೆಂದು ತನಿಖೆಯಿಂದ ತಿಳಿಯಿತು. ಉಸಿರಾಟದ ಯಂತ್ರ ಬೇಕಾದವರು ಬಹಳ ಮಂದಿ ಇದ್ದುದರಿಂದ ಅವರನ್ನು ಮೈಸೂರಿನ ಹಲವು ಆಸ್ಪತ್ರೆಗಳಿಗೆ ಹಂಚಬೇಕಾಯಿತು.

ಕಬ್ಬು, ತಂಬಾಕು, ದ್ರಾಕ್ಷಿ ಬೆಳೆಯುವ ನಮ್ಮ ಮನೆಗಳಲ್ಲಿ ಇಂತಹ ಔಷಧಿಗಳು ಇದ್ದೇ ಇರುತ್ತವೆ. ಅವುಗಳನ್ನು ಅಡುಗೆಮನೆಯಿಂದ ದೂರ, ಬೀಗದೊಳಗೆ ಇಡಿರಿ. ಅನ್ನದಿಂದ ಕೆಟ್ಟ ವಾಸನೆ ಬಂದರೆ, ತಿಂದ ಹಲವರಿಗೆ ಒಮ್ಮೆಲೇ ವಾಂತಿ, ಜೊಲ್ಲು, ಬೆವರು, ಉಬ್ಬಸ ಕಂಡರೆ ಬಡಿಸುವುದನ್ನು ಕೂಡಲೇ ನಿಲ್ಲಿಸಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ಮೈ, ಬಟ್ಟೆಗೆ ತಾಗಿದ ವಿಷವನ್ನು ತೊಳೆಯಿರಿ. ಉಳಿದ ಅನ್ನವನ್ನೂ ಔಷಧಿಯ ಡಬ್ಬಿ ಸಿಕ್ಕರೆ ಅದನ್ನೂ ಮುಚ್ಚಿ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ಪ್ರತ್ಯೌಷಧಿ ಕೊಡುವುದು ಸುಲಭ.

ನೆರವಾದವರಿಗೆ ಕಾನೂನಿನ ಭಯ ಬೇಡ

ಗಾಯಾಳುವನ್ನು ಮುಟ್ಟಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಅಂಜಿಕೆ ಈಗ ಸಲ್ಲದು. ಸರಕಾರಿ ಇರಲಿ, ಖಾಸಗಿ ಇರಲಿ, ಪ್ರತಿಯೊಬ್ಬ ವೈದ್ಯನೂ ಗಾಯಾಳುವಿಗೆ ಮೊದಲು ಚಿಕಿತ್ಸೆ ನೀಡತಕ್ಕದ್ದೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪು ಕೊಟ್ಟಿದೆ. ತುರ್ತು ಸಮಯದಲ್ಲಿ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡುವ ಕಾಯ್ದೆಯನ್ನು ಕರ್ನಾಟಕ ವಿಧಾನಮಂಡಲವೂ 2016ರಲ್ಲಿ ಅಂಗೀಕರಿಸಿದೆ.

ನೀವೇ ಪರೀಕ್ಷಿಸಿಕೊಳ್ಳಿರಿ

ಗಂಡನು ಕೇಳಲಿ, ಹೆಂಡತಿ ಉತ್ತರಿಸಲಿ. ಬಳಿಕ ಹೆಂಡತಿ ಕೇಳಲಿ, ಗಂಡನು ಉತ್ತರಿಸಲಿ.

1. ಮುಂದಿನ ಜಾತ್ರೆಯಲ್ಲಿ ನಾವು ಅಗಲಿದರೆ ಎಲ್ಲಿ ಕೂಡಬೇಕು?
2. 108ಕ್ಕೆ ಕರೆ ಮಾಡಿದಾಗ ಮೊದಲು ಹೇಳಬೇಕಾದ ನಾಲ್ಕು ಹೆಸರುಗಳು ಯಾವುವು?
3. ಒತ್ತಿ ಹಿಡಿದ ಬಟ್ಟೆ ರಕ್ತದಿಂದ ತೊಯ್ದರೆ ಏನು ಮಾಡಬೇಕು?
4. ಅಳುವ ನಮ್ಮ ಮಗುವೂ ಸುಮ್ಮನೆ ಮಲಗಿದ ಅಪರಿಚಿತನೂ ಇದ್ದಾಗ ಮೊದಲ ವಾಹನ ಯಾರಿಗೆ? ಏಕೆ?
5. ನಮ್ಮಿಬ್ಬರ ರಕ್ತದ ಗುಂಪು ಯಾವುದು?

ನಾಲ್ಕನೆಯ ಪ್ರಶ್ನೆಗೆ ಉತ್ತರಿಸುವಾಗ ಮನಸ್ಸು ಅಳುಕಿದರೆ ತಪ್ಪಿಲ್ಲ. ಇಬ್ಬರೂ ಇನ್ನೊಮ್ಮೆ ಮಾತನಾಡಿರಿ. ಐದನೆಯದಕ್ಕೆ ಉತ್ತರ ತಿಳಿಯದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಸಹಾಯಕಿಯನ್ನೋ ಕರೆದು, ಹತ್ತು ಮನೆಯವರು ಸೇರಿ, ಬಟ್ಟೆ ಒತ್ತುವುದನ್ನೂ ಕಂಬಳಿಯಲ್ಲಿ ಗಾಯಾಳುವನ್ನು ಎತ್ತುವುದನ್ನೂ ಒಮ್ಮೆ ಕೈಯಾರೆ ಮಾಡಿ ಕಲಿಯಿರಿ.